ಸಂಜೆ ನಾಲ್ಕಕ್ಕೆ ಆರಿಸುವ ಬೆಳಕು: ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯದಲ್ಲಿ ಕ್ಯುರೇಟರ್ ಮಾಡುವ ಕೆಲಸ ಯಾವುದು?

ಮೂಲ ಬರಹ: ಕಿಟಕಿಪಕ್ಕ

ಅಂತರ್‌ಶಿಸ್ತೀಯ (ಹಲವು ಜ್ಞಾನಶಾಖೆಗಳು ಕೂಡಿದ) ಎಂಬ ಪದ ನಮ್ಮಲ್ಲಿ ಧನಸಹಾಯದ ಅರ್ಜಿಗಳಲ್ಲಿ ಕಾಣಿಸುವಷ್ಟು ಪ್ರದರ್ಶನದ ಗೋಡೆಗಳ ಮೇಲೆ ಕಾಣಿಸುವುದಿಲ್ಲ. ಕಲಾ ಇತಿಹಾಸದವರು, ರಸಾಯನಶಾಸ್ತ್ರದವರು, ಕಂಪ್ಯೂಟರಿನವರು ಒಂದೇ ಕೃತಿಯ ಸುತ್ತ ಕುಳಿತು ನಡೆಸಿದ ಸಂಶೋಧನೆಯನ್ನು ಜನರೆದುರು ಇಡುವಾಗ ಕ್ಯುರೇಟರ್, ಅಂದರೆ ಪ್ರದರ್ಶನವನ್ನು ರೂಪಿಸುವವರು, ನಿಜಕ್ಕೂ ಏನು ಮಾಡುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಪ್ರಶ್ನೆಯನ್ನು ಗಾಳಿಯಲ್ಲಿ ತೇಲಿಬಿಡುವುದಕ್ಕಿಂತ ನಾನು ಕಣ್ಣಾರೆ ಕಂಡ ಒಂದು ಪ್ರದರ್ಶನವನ್ನು ಮುಂದಿಟ್ಟು ಮಾತು ಆರಂಭಿಸುತ್ತೇನೆ.

ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಹಾರ್ವರ್ಡ್ ವಿಶ್ವವಿದ್ಯಾಲಯವು 1960ರ ದಶಕದ ಆರಂಭದಲ್ಲಿ, ವಾಸ್ತುಶಿಲ್ಪಿ ಹೊಸೆ ಲೂಯಿಸ್ ಸೆರ್ಟ್ ವಿನ್ಯಾಸ ಮಾಡಿದ ಹೋಲಿಯೋಕ್ ಸೆಂಟರ್ ಎಂಬ ಹೊಸ ಕಟ್ಟಡದ ಮೇಲಂತಸ್ತಿನ ಊಟದ ಕೋಣೆಗಾಗಿ ಚಿತ್ರಗಳನ್ನು ಬರೆದುಕೊಡುವಂತೆ ಅಮೂರ್ತ ಚಿತ್ರಗಳಿಗೆ ಹೆಸರಾದ ಅಮೆರಿಕದ ಕಲಾವಿದ ಮಾರ್ಕ್ ರಾತ್ಕೊ ಅವರನ್ನು ಕೇಳಿತು. ನ್ಯೂಯಾರ್ಕಿನ ದುಬಾರಿ ರೆಸ್ಟೋರೆಂಟೊಂದರ ಊಟದ ಕೋಣೆಗೆಂದು ಬರೆದಿದ್ದ ಚಿತ್ರಮಾಲೆಯನ್ನು ಮನಸ್ಸು ಬದಲಿಸಿ ಹಿಂದಕ್ಕೆ ಪಡೆದಿದ್ದ ಈ ಕಲಾವಿದರು ಮತ್ತೊಂದು ಊಟದ ಕೋಣೆಗೆ ಒಪ್ಪಿದ್ದೇ ಒಂದು ಸೋಜಿಗ. ಆಳೆತ್ತರವನ್ನು ಮೀರಿದ ಆರು ಫಲಕಗಳನ್ನು ಅವರು ಬರೆದರು. ಅವುಗಳಲ್ಲಿ ಐದು 1964ರಲ್ಲಿ ಗೋಡೆಗೇರಿದವು, ಒಂದು ಅವರಲ್ಲಿಯೇ ಉಳಿಯಿತು. ಕೋಣೆಗೆ ದೊಡ್ಡ ದೊಡ್ಡ ಗಾಜಿನ ಕಿಟಕಿಗಳಿದ್ದವು. ಪರದೆ ಎಳೆದಿರಬೇಕೆಂಬ ಸೂಚನೆಯೇನೋ ಇತ್ತು, ಆದರೆ ಅಷ್ಟು ಎತ್ತರದ ಮಹಡಿಯಲ್ಲಿ ಊಟಕ್ಕೆ ಕುಳಿತವರು ಹೊರಗಿನ ನೋಟವನ್ನು ಬಿಟ್ಟು ಪರದೆಯನ್ನು ನೋಡುತ್ತ ಕೂರುವರೇ? ಬಿಸಿಲು ಬಿತ್ತು, ಅನ್ನಪಾನಗಳು ಸಿಡಿದವು, ಕುರ್ಚಿಗಳು ತಗುಲಿದವು. ಪುನರ್ಪುಳಿ ಶರಬತ್ತಿನಂತಿದ್ದ ಕಡುಗೆಂಪು ಹದಿನೈದು ವರ್ಷಗಳೊಳಗೆ ಹಲವು ಕಡೆ ಮಂಕು ನೀಲಿಗೆ ತಿರುಗಿತ್ತು. 1979ರಲ್ಲಿ ಅವುಗಳನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಿದರು.

ಚಿತ್ರದ ಮೇಲೆ ಹೊಸ ಬಣ್ಣ ಹಚ್ಚುವಂತಿರಲಿಲ್ಲ. ರಾತ್ಕೊ ವಾರ್ನಿಷ್ ಬಳಿದಿರಲಿಲ್ಲವಾದ್ದರಿಂದ ಹಚ್ಚಿದ್ದನ್ನೆಲ್ಲ ಕ್ಯಾನ್ವಾಸ್ ಹೀರಿಕೊಂಡುಬಿಡುತ್ತಿತ್ತು, ಮುಂದೆ ಅದನ್ನು ತೆಗೆಯುವ ದಾರಿಯೇ ಇರುತ್ತಿರಲಿಲ್ಲ. ಹಾಗಾಗಿ ಹಾರ್ವರ್ಡ್ ಕಲಾಸಂಗ್ರಹಾಲಯಗಳ ಸಂರಕ್ಷಣಾ ಕೇಂದ್ರದವರು, ಕ್ಯುರೇಟರುಗಳು ಮತ್ತು ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನವರು ಸೇರಿ ಬಣ್ಣದ ಬದಲು ಬೆಳಕನ್ನು ಹಚ್ಚಿದರು. (ನಾಸಿಕ್ ಮೂಲದ ರಮೇಶ್ ರಾಸ್ಕರ್ ಅವರ ಕ್ಯಾಮೆರಾ ಸಂಶೋಧನಾ ತಂಡ ಇದ್ದದ್ದು ಈ ಲ್ಯಾಬಿನಲ್ಲಿಯೇ.) 1964ರಲ್ಲಿ ಈ ಫಲಕಗಳ ಫೋಟೊ ತೆಗೆದಿದ್ದ ಎಕ್ಟಾಕ್ರೋಮ್ ಎಂಬ ವರ್ಣಫಿಲ್ಮಿನ ಬಣ್ಣವೂ ಮಾಸಿತ್ತು; ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಅದನ್ನು ಡಿಜಿಟಲ್ ವಿಧಾನದಿಂದ ಸರಿಪಡಿಸಲಾಯಿತು. ಅಂದಿನ ಬಣ್ಣಕ್ಕೂ ಇಂದಿನ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕಿ, ಎಷ್ಟು ಕೊರತೆಯೋ ಅಷ್ಟನ್ನೇ ಪ್ರೊಜೆಕ್ಟರ್ ಮೂಲಕ ಕ್ಯಾನ್ವಾಸಿನ ಮೇಲೆ ಬೀಳಿಸಿದರು.

ವಾಸ್ತುಶಿಲ್ಪಿ ರೆಂಜೊ ಪಿಯಾನೊ ನವೀಕರಿಸಿದ ಸಂಗ್ರಹಾಲಯದ ಕಟ್ಟಡ 2014ರ ನವೆಂಬರ್ 16ರಂದು ತೆರೆದಾಗ ಈ ಪ್ರದರ್ಶನವೂ ಆರಂಭವಾಯಿತು. 2015ರ ಜುಲೈವರೆಗೆ ನಡೆಯಿತು. ಆ ವಸಂತದಲ್ಲಿ ಅಣ್ಣನ ಮನೆಗೆ ಹೋಗಿದ್ದ ನಾನು ಒಂದು ಮಧ್ಯಾಹ್ನ ಅಲ್ಲಿದ್ದೆ. ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ಪ್ರೊಜೆಕ್ಟರುಗಳನ್ನು ಆರಿಸುತ್ತಿದ್ದರು. ನಾಲ್ಕು ಆಗುವ ಹೊತ್ತಿಗೆ ಜನ ಬಂದು ಸೇರಿದರು. ಬೆಳಕು ಆರಿತು. ಎದುರಿಗಿದ್ದ ಫಲಕ ಒಗೆದು ಒಗೆದು ಬಣ್ಣ ಬಿಟ್ಟ ನೀಲಿ ಪಂಚೆಯಂತೆ ಕಾಣಿಸಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಅರಿವಿಲ್ಲದೆ ಎದೆಯ ಮೇಲೆ ಕೈ ಇಟ್ಟುಕೊಂಡರು.

ನನ್ನ ವಾದ ಇಷ್ಟೇ. ರಸಾಯನಶಾಸ್ತ್ರಜ್ಞರೂ ಗಣಕತಜ್ಞರೂ ಮಾಡಿದ್ದು ಅಸಾಧಾರಣ ಕೆಲಸ, ಆದರೆ ನಾಲ್ಕು ಗಂಟೆಗೆ ಆರಿಸಬೇಕೆಂಬ ತೀರ್ಮಾನ ಅವರ ಉಪಕರಣಗಳಿಂದ ಹುಟ್ಟುವಂಥದ್ದಲ್ಲ. ಅದು ಕ್ಯುರೇಟರ್ ಮಾತ್ರ ಮಾಡಬಲ್ಲ ಕೆಲಸ. ಅದು ಇರದಿದ್ದರೆ ನಾವು ನೋಡುತ್ತಿದ್ದದ್ದು ಸರಿಪಡಿಸಿದ ಐದು ಚಿತ್ರಗಳನ್ನಷ್ಟೆ, ಸಂಶೋಧನೆಯನ್ನಲ್ಲ. ಒಪ್ಪದವರು ದಯವಿಟ್ಟು ಬರೆಯಿರಿ.

——

ಸುಣ್ಣಕೆಮ್ಮಣ್ಣು:

ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನಾದ್ದರಿಂದ ನಿಮ್ಮ ಬರಹದಲ್ಲಿ ಬಿಟ್ಟುಹೋದ ಕಡೆಯಿಂದಲೇ ಆರಂಭಿಸುತ್ತೇನೆ. ಮಾಸಿದ ಆ ಕೆಂಪಿನ ಹೆಸರು ಲಿಥಾಲ್ ರೆಡ್. 1899ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದ ಈ ಕೃತಕ ವರ್ಣದ್ರವ್ಯ ಹೆಚ್ಚಾಗಿ ಬಳಕೆಯಾದದ್ದು ಮುದ್ರಣದ ಶಾಯಿಯಲ್ಲಿ. ಸೋಡಿಯಂ, ಬೇರಿಯಂ, ಕ್ಯಾಲ್ಸಿಯಂ ಲವಣಗಳ ರೂಪದಲ್ಲಿ ಅದು ಸಿಗುತ್ತಿತ್ತು, ರಾತ್ಕೊ ಬಳಸಿದ್ದು ಕ್ಯಾಲ್ಸಿಯಂ ಲವಣ. ಬೆಳಕಿನ ಹೊಡೆತಕ್ಕೆ ಅಣುವಿನೊಳಗಿನ ಬಣ್ಣ ಕೊಡುವ ಬಂಧ ಮುರಿಯುತ್ತದೆ, ಕೆಂಪು ಹೋಗುತ್ತದೆ. ಜೊತೆಗೆ ಬೆರೆಸಿದ್ದ ಅಲ್ಟ್ರಾಮರೀನ್ ನೀಲಿಗೆ ಬೆಳಕಿನ ಭಯ ಇಲ್ಲವಾದ್ದರಿಂದ ಅದು ಉಳಿದುಕೊಂಡಿತು. ಅಂದರೆ ಚಿತ್ರ ನೀಲಿಯಾದದ್ದಲ್ಲ, ಮೊದಲಿನಿಂದಲೂ ಒಳಗೆ ಅಡಗಿದ್ದ ನೀಲಿ ಮೇಲೆದ್ದು ಕಂಡದ್ದು.

ಇನ್ನೊಂದು ಮಾತು. ಕಿಟಕಿಯ ಹತ್ತಿರವಿದ್ದ ಭಾಗ ಹೆಚ್ಚು ಮಾಸಿದೆ, ದೂರದ ಭಾಗ ಕಡಿಮೆ ಮಾಸಿದೆ. ಒಂದೇ ಫಲಕದೊಳಗೇ ಈ ಏರುಪೇರು ಇರುವುದರಿಂದ ಇಡೀ ಚಿತ್ರಕ್ಕೆ ಒಂದೇ ಕೆಂಪು ಬೆಳಕು ಚೆಲ್ಲಿದರೆ ಕೆಲಸ ಆಗುತ್ತಿರಲಿಲ್ಲ, ಬಿಂದು ಬಿಂದುವಾಗಿ ಲೆಕ್ಕ ಹಾಕಲೇಬೇಕಿತ್ತು. ಹೀಗಾಗಿ ನೀವು ಕೇವಲ ತಾಂತ್ರಿಕ ಎಂದು ಬದಿಗಿಟ್ಟ ಲೆಕ್ಕವೇ ಆ ಕೋಣೆಯ ಚರಿತ್ರೆಯೂ ಹೌದು. ಯಾವ ಪರದೆ ಹೆಚ್ಚು ಕಾಲ ತೆರೆದಿತ್ತು ಎಂಬುದನ್ನು ಕ್ಯಾನ್ವಾಸೇ ಬರೆದಿಟ್ಟುಕೊಂಡಿದೆ. ವಿಜ್ಞಾನಿ ಉಪಕರಣ ಒದಗಿಸುತ್ತಾನೆ, ಕ್ಯುರೇಟರ್ ಅರ್ಥ ಒದಗಿಸುತ್ತಾನೆ ಎಂಬ ನಿಮ್ಮ ಪಾಲುಪಟ್ಟಿಯನ್ನು ನಾನು ಒಪ್ಪುವುದಿಲ್ಲ.

——

ಪ್ರತಿಕೃತಿ:

ಇಬ್ಬರೂ ಆ ಬೆಳಕಿಗೆ ಮರುಳಾಗಿದ್ದೀರಿ ಎಂದು ನನಗನ್ನಿಸುತ್ತದೆ. ಮಾಸಿದ ಚಿತ್ರ, ಅದರ ಮಾಸಿದ ಫೋಟೊ, ಆ ಫೋಟೊವನ್ನು ಗಣಿತದಿಂದ ಸರಿಪಡಿಸಿದ ರೂಪ, ಆ ರೂಪದಿಂದ ಲೆಕ್ಕ ಹಾಕಿದ ಬೆಳಕು: ಅಂದಾಜಿನ ಮೇಲೆ ಅಂದಾಜು ಪೇರಿಸಿ ಅದಕ್ಕೆ ರಾತ್ಕೊ ಎಂದು ಹೆಸರಿಟ್ಟರೆ ನಂಬುವುದು ಹೇಗೆ? ಅವರು 1970ರಲ್ಲಿಯೇ ತೀರಿಕೊಂಡಿದ್ದಾರೆ, ಕೇಳಲು ಸಾಧ್ಯವಿಲ್ಲ. ಮೊಟ್ಟೆ, ಅಂಟುಗಳಲ್ಲಿ ಬಣ್ಣ ಕಲಸಿ, ತೆಳ್ಳಗಿನ ಪದರಗಳನ್ನು ಒಂದರ ಮೇಲೊಂದು ಹಚ್ಚಿ, ಮೇಲ್ಮೈಯ ಒಂದೊಂದು ಹೊಳಪಿಗೂ ತಲೆ ಕೆಡಿಸಿಕೊಂಡ ಕಲಾವಿದರ ಕೃತಿಯ ಮೇಲೆ ಕಚೇರಿಯ ಮೀಟಿಂಗಿನಲ್ಲಿ ಬಳಸುವ ಜಾತಿಯ ಯಂತ್ರದಿಂದ ಬೆಳಕು ಬಿಡುವುದು ಸಂಶೋಧನೆಯೋ ಚಮತ್ಕಾರವೋ?

ನಾಲ್ಕು ಗಂಟೆಯ ಆಟವೂ ಹಾಗೆಯೇ. ಜನ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ ಎಂದರೆ ಅದು ನಾಟಕ. ನಾಟಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಆದರೆ ಅದನ್ನು ಜ್ಞಾನ ಎಂದು ಕರೆಯುವಾಗ ಸ್ವಲ್ಪ ತಡೆಯಬೇಕು.

——

ಕಿಟಕಿಪಕ್ಕ:

ಪ್ರತಿಕೃತಿ ಅವರೇ, ಅಂದಾಜಿನ ಮಾತು ಸರಿ, ಆದರೆ ಅಂದಾಜನ್ನು ಒರೆಗೆ ಹಚ್ಚಲು ಅವರಲ್ಲಿ ಒಂದು ಕಲ್ಲಿತ್ತು. ಊಟದ ಕೋಣೆಗೆ ಹೋಗದೆ ಉಳಿದ ಆರನೆಯ ಫಲಕ ರಾತ್ಕೊ ಅವರ ಕುಟುಂಬದಲ್ಲಿ ಬಿಸಿಲು ತಾಗದೆ ಇತ್ತು. ಅದೇ ಕಾಲದ, ಅದೇ ಬಣ್ಣಗಳ ಚಿತ್ರ. ಸರಿಪಡಿಸಿದ ಫೋಟೊದ ಬಣ್ಣವನ್ನು ಅದರೊಂದಿಗೆ ಹೋಲಿಸಿ ನೋಡಲು ಸಾಧ್ಯವಾಯಿತು. ನೂರಕ್ಕೆ ನೂರು ಎಂದು ಯಾರೂ ಹೇಳಿಕೊಳ್ಳಲಿಲ್ಲ.

ಸುಣ್ಣಕೆಮ್ಮಣ್ಣು ಸರ್, ನನ್ನ ಪಾಲುಪಟ್ಟಿ ಒರಟಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಏಕೆ ಹಾಗೆ ಬರೆದೆನೆಂದರೆ, ನಮ್ಮ ಕಡೆಯ ಪ್ರದರ್ಶನಗಳಲ್ಲಿ ವಿಜ್ಞಾನ ಬಂದಾಗಲೆಲ್ಲ ಒಂದು ಮೂಲೆಯಲ್ಲಿ ಫಲಕ ತೂಗುಹಾಕಿ, ಎಕ್ಸ್-ರೇ ಚಿತ್ರವೊಂದನ್ನು ಅಂಟಿಸಿ ಮುಗಿಸಿಬಿಡುತ್ತಾರೆ. ಕೃತಿ ಒಂದು ಕಡೆ, ಅದರ ಪರೀಕ್ಷೆ ಇನ್ನೊಂದು ಕಡೆ. ಹಾರ್ವರ್ಡಿನ ಕೋಣೆಯಲ್ಲಿ ಪರೀಕ್ಷೆಯೇ ಕೃತಿಯ ಮೇಲೆ ಬಿದ್ದಿತ್ತು. ನೀವು ಹೇಳಿದ ಕಿಟಕಿಯ ಚರಿತ್ರೆಯೂ ನನಗೆ ಕಂಡದ್ದು ಬೆಳಕು ಆರಿದ ಮೇಲೆಯೇ: ಒಂದೇ ಫಲಕದ ಒಂದು ಅಂಚು ಬೂದು ನೀಲಿ, ಇನ್ನೊಂದು ಅಂಚಿನಲ್ಲಿ ಕೆಂಪು ಇನ್ನೂ ಜೀವ ಹಿಡಿದುಕೊಂಡಿತ್ತು. ಬೆಳಕು ಇದ್ದಾಗ ಅದು ಕಾಣುತ್ತಿರಲಿಲ್ಲ. ಆದ್ದರಿಂದ ನಾಟಕ ಎಂದರೂ ಚಿಂತೆಯಿಲ್ಲ, ಆ ನಾಟಕದಲ್ಲಿ ಒಂದು ಪುರಾವೆ ಇತ್ತು.

——

ಕಡತಕೋಣೆ:

ನಾನು ಪತ್ರಾಗಾರದಲ್ಲಿ ಕೆಲಸ ಮಾಡುವವಳು. ಈ ಚರ್ಚೆಯಲ್ಲಿ ಕಾಗದದ ಹೆಸರನ್ನು ಯಾರೂ ಎತ್ತದಿರುವುದು ನನಗೆ ಆಶ್ಚರ್ಯ ತರಲಿಲ್ಲ, ಅಭ್ಯಾಸವಾಗಿದೆ. ಚಿತ್ರ ಯಾವ ಎತ್ತರದಲ್ಲಿರಬೇಕು, ಗೋಡೆಗೆ ಯಾವ ಬಣ್ಣ, ಪರದೆ ಹೇಗಿರಬೇಕು ಎಂಬುದೆಲ್ಲ ತಿಳಿಯುವುದು ಯಾರೋ ತೆಗೆದು ಇಟ್ಟ ಪತ್ರ, ಕರಾರು, ಫೋಟೊಗಳಿಂದ. 1964ರ ಆ ಫಿಲ್ಮನ್ನು ಯಾರಾದರೂ ಜಾಗ ಸಾಲದೆಂದು ಎಸೆದಿದ್ದರೆ ಲೆಕ್ಕ ಹಾಕಲು ಏನಿರುತ್ತಿತ್ತು?

ಇದಕ್ಕೆ ಅದೇ ಸಂಗ್ರಹಾಲಯದ ಇನ್ನೊಂದು ಪ್ರದರ್ಶನ ಒಳ್ಳೆಯ ನಿದರ್ಶನ. ಹಾರ್ವರ್ಡಿನಲ್ಲಿ 1766ರಿಂದ 1820ರವರೆಗೆ ಫಿಲಾಸಫಿ ಚೇಂಬರ್ ಎಂಬ ಬೋಧನೆಯ ಕೋಣೆ ಇತ್ತು. ತೈಲಚಿತ್ರಗಳು, ಗ್ರಹಗಳ ಚಲನೆ ತೋರಿಸುವ ಯಂತ್ರ, ಪ್ರಾಣಿ ಮತ್ತು ಖನಿಜಗಳ ಮಾದರಿಗಳು, ಹಡಗಿನವರು ದೂರದ ದ್ವೀಪಗಳಿಂದ ತಂದ ವಸ್ತುಗಳು ಎಲ್ಲವೂ ಅಲ್ಲಿ ಒಟ್ಟಿಗೇ ಇದ್ದವು. 1820ರಲ್ಲಿ ಕೋಣೆ ಮುಚ್ಚಿತು, ಸಂಗ್ರಹ ದಿಕ್ಕಾಪಾಲಾಯಿತು. ಕಾಲಕ್ರಮದಲ್ಲಿ ಚಿತ್ರ ಕಲೆಯ ಪಾಲಿಗೆ, ಯಂತ್ರ ವಿಜ್ಞಾನದ ಪಾಲಿಗೆ, ಗರಿಯ ಉಡುಪು ಮಾನವಶಾಸ್ತ್ರದ ಪಾಲಿಗೆ ಹೋಯಿತು. 2017ರಲ್ಲಿ ಕ್ಯುರೇಟರುಗಳು ಹಳೆಯ ದಾಖಲೆಗಳನ್ನು ಹಿಡಿದು ಆ ವಸ್ತುಗಳನ್ನು ಬೇರೆ ಬೇರೆ ಕಪಾಟುಗಳಿಂದ ಹುಡುಕಿ ತೆಗೆದು ಮತ್ತೆ ಒಂದೇ ಕಡೆ ಜೋಡಿಸಿದರು. ನಾವು ಈಗ ಶಿಸ್ತುಗಳನ್ನು ಕೂಡಿಸಬೇಕು ಎಂದು ಒದ್ದಾಡುತ್ತಿದ್ದೇವೆ; ಅವು ಒಡೆದದ್ದು ಎಲ್ಲಿ, ಯಾವ ಕಪಾಟಿನ ಬಾಗಿಲಲ್ಲಿ ಎಂಬುದನ್ನು ಆ ಪ್ರದರ್ಶನ ತೋರಿಸಿತು.

ಒಂದು ಸಣ್ಣ ದೂರು ಇದೆ. ನಾನು ಹಿಂದೆ ಇದ್ದ ಒಂದು ಸಂಸ್ಥೆಯಲ್ಲಿ ಹಳೆಯ ಚಿತ್ರಪಟಗಳ ಪ್ರದರ್ಶನಕ್ಕಾಗಿ ರಸಾಯನ ವಿಭಾಗದ ಇಬ್ಬರು ವಿದ್ಯಾರ್ಥಿನಿಯರು ಎಂಟು ತಿಂಗಳು ಬಣ್ಣದ ಪರೀಕ್ಷೆ ಮಾಡಿದರು. ಉದ್ಘಾಟನೆಯ ದಿನ ಗೋಡೆಯ ಮೇಲೆ ಕ್ಯುರೇಟರ್ ಹೆಸರು ಅಂಗೈ ಅಗಲದ ಅಕ್ಷರದಲ್ಲಿ, ಆ ಹುಡುಗಿಯರಿಗೆ ಸಹಕಾರ: ವಿಜ್ಞಾನ ವಿಭಾಗ ಎಂಬ ಒಂದು ಸಾಲು. ಅವರಲ್ಲಿ ಒಬ್ಬಳು ಆ ಸಾಲಿನ ಫೋಟೊ ತೆಗೆದುಕೊಂಡು ತಾಯಿಗೆ ಕಳಿಸಿದಳು. ಇಂಥ ಸಂಶೋಧನೆಯಲ್ಲಿ ಹೆಸರು ಹಾಕುವುದೂ ಕ್ಯುರೇಟರ್ ಕೆಲಸದ ಭಾಗ ಎಂದು ನಾನು ವಾದಿಸುತ್ತೇನೆ, ನಾಲ್ಕು ಗಂಟೆಗಿಂತ ಮೊದಲು.

——

ಸುಣ್ಣಕೆಮ್ಮಣ್ಣು:

ಕಡತಕೋಣೆ ಮೇಡಂ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ವಸ್ತು ಕೂಡ ಕಡತವೇ. ಅದೇ ಹಾರ್ವರ್ಡಿನ ಫಾಗ್ ಸಂಗ್ರಹಾಲಯಕ್ಕೆ 1909ರಿಂದ 1944ರವರೆಗೆ ನಿರ್ದೇಶಕರಾಗಿದ್ದ ಎಡ್ವರ್ಡ್ ಫೋರ್ಬ್ಸ್, ತಾವು ಕೊಂಡ ಹಳೆಯ ಇಟಾಲಿಯನ್ ಚಿತ್ರವೊಂದರಲ್ಲಿ ಬಹುಪಾಲು ಬಣ್ಣ ಆಮೇಲೆ ಯಾರೋ ಬಳಿದದ್ದೆಂದು ತಿಳಿದಾಗ, ಬಣ್ಣಗಳನ್ನೇ ಸಂಗ್ರಹಿಸುವ ಹವ್ಯಾಸಕ್ಕೆ ಬಿದ್ದರು. ಇಂದು ಆ ಸಂಗ್ರಹದಲ್ಲಿ 2500ಕ್ಕೂ ಹೆಚ್ಚು ವರ್ಣದ್ರವ್ಯಗಳಿವೆ, ಗಾಜಿನ ಬಾಟಲಿಗಳಲ್ಲಿ. 1928ರಲ್ಲಿ ಪ್ರಯೋಗಾಲಯವೂ ಆಯಿತು. ಹೊಸದಾಗಿ ಪತ್ತೆಯಾಗಿ, ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರದ್ದೆಂದು ಹೇಳಲಾಗಿದ್ದ ಮೂರು ಚಿತ್ರಗಳನ್ನು ಅಲ್ಲಿ ಪರೀಕ್ಷಿಸಿ 2007ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿದ್ದ ಕೆಲವು ಬಣ್ಣಗಳು 1956ರಲ್ಲಿ, ಅಂದರೆ ಪೊಲಾಕ್ ಸತ್ತಾಗ, ಮಾರುಕಟ್ಟೆಯಲ್ಲಿ ಇರಲೇ ಇಲ್ಲ.

ಆ ಬಾಟಲಿಗಳಲ್ಲಿ ನಮ್ಮ ದೇಶದ್ದೂ ಒಂದಿದೆ, ಇಂಡಿಯನ್ ಯೆಲ್ಲೋ. ಬಿಹಾರದ ಮುಂಗೇರ್ ಬಳಿಯ ಹಳ್ಳಿಯೊಂದರಲ್ಲಿ ಹಸುಗಳಿಗೆ ಮಾವಿನ ಸೊಪ್ಪು ತಿನ್ನಿಸಿ ಅವುಗಳ ಗಂಜಲವನ್ನು ಕಾಯಿಸಿ ಈ ಹಳದಿಯನ್ನು ತೆಗೆಯುತ್ತಾರೆಂದು ತ್ರೈಲೋಕ್ಯನಾಥ ಮುಖರ್ಜಿ 1883ರಲ್ಲಿ ಬರೆದರು. ಬಹಳ ಕಾಲ ಇದನ್ನು ಕಟ್ಟುಕಥೆ ಎಂದು ಅನುಮಾನಿಸಿದವರಿದ್ದರು. ಈಚಿನ ಪರೀಕ್ಷೆಗಳಲ್ಲಿ ಹಳೆಯ ಮಾದರಿಗಳಲ್ಲಿ ಗಂಜಲದ ಗುರುತಾದ ಹಿಪ್ಯೂರಿಕ್ ಆಮ್ಲ ಕಂಡುಬಂದು ಮುಖರ್ಜಿಯವರ ಮಾತಿಗೆ ಬಲ ಬಂತು. ಯಾರೋ ಒಂದು ಹಿಡಿ ಹಳದಿ ಉಂಡೆಯನ್ನು ನೂರು ವರ್ಷ ಎಸೆಯದೆ ಇಟ್ಟದ್ದರ ಫಲ. (ವಿಷಯ ಸ್ವಲ್ಪ ಪಕ್ಕಕ್ಕೆ ಹೋಯಿತು, ಮನ್ನಿಸಿ. ಈ ಬಣ್ಣದ ಪಾಠ ಮಾಡುವಾಗ ಕೊನೆಯ ಬೆಂಚಿನವರೂ ಎದ್ದು ಕೂರುತ್ತಿದ್ದರು.)

——

ತೊಗಲುತೆರೆ:

ದೊಡ್ಡ ವಿಶ್ವವಿದ್ಯಾಲಯದ ದೊಡ್ಡ ಖರ್ಚಿನ ಕತೆ ನಮಗೇಕೆ ಎಂದು ಯಾರಾದರೂ ಕೇಳುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆಳಕಿಲ್ಲದೆ ಬಣ್ಣವೇ ಇಲ್ಲದ ಕಲೆ ನಮ್ಮಲ್ಲೇ ಇದೆ. ತೊಗಲುಗೊಂಬೆ.

ನಮ್ಮ ತೊಗಲುಗೊಂಬೆಗಳನ್ನು ಆಡಿನ ಅಥವಾ ಜಿಂಕೆಯ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಉಳಿಯಿಂದ ತೂತು ಕೊರೆದು, ಎರಡೂ ಕಡೆ ಬಣ್ಣ ಹಾಕಿ ಮಾಡುತ್ತಾರೆ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ದೀಪ ಹಿಂದಿನಿಂದ ಬಂದಾಗ ರಾವಣನ ಕೆಂಪು ಕೆಂಡವಾಗುತ್ತದೆ, ತೂತುಗಳು ಒಡವೆಯಾಗುತ್ತವೆ. ಅದೇ ಗೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಹಲಗೆಗೆ ಒತ್ತಿ ನಿಲ್ಲಿಸಿ ಮುಂದಿನಿಂದ ಟ್ಯೂಬ್‌ಲೈಟ್ ಹಾಕಿದರೆ ಕಾಣುವುದು ಕಂದು ಚರ್ಮದ ತುಂಡು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿರುವ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ, ಎಂ. ಎಸ್. ನಂಜುಂಡರಾಯರು ಕಟ್ಟಿದ ಚಿತ್ರಕಲಾ ಪರಿಷತ್ತಿನ ಗೊಂಬೆಗಳ ಸಂಗ್ರಹ ಇವೆಲ್ಲ ನನ್ನಂಥವರಿಗೆ ಪಾಠಶಾಲೆಗಳು, ಅವುಗಳ ಋಣ ದೊಡ್ಡದು. ಆದರೆ ತೊಗಲುಗೊಂಬೆಯನ್ನು ಎಲ್ಲೇ ಇಡಲಿ, ಕ್ಯುರೇಟರ್ ಎದುರಿಗೆ ನಿಲ್ಲುವ ಪ್ರಶ್ನೆ ರಾತ್ಕೊ ಕೋಣೆಯ ಪ್ರಶ್ನೆಯೇ: ಗೊಂಬೆ ಕಾಣಬೇಕಾದರೆ ದೀಪ ಬೇಕು, ಗೊಂಬೆ ಉಳಿಯಬೇಕಾದರೆ ದೀಪ ಕೂಡದು. ದೀಪದ ಕಾವಿಗೆ ಚರ್ಮ ಮುದುರುತ್ತದೆ, ಬೆಳಕಿಗೆ ಬಣ್ಣ ಮಾಸುತ್ತದೆ. ಚರ್ಮ, ಬಟ್ಟೆ, ಕಾಗದದಂಥ ನಾಜೂಕು ವಸ್ತುಗಳಿಗೆ ಸಂಗ್ರಹಾಲಯದವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ). ಗೊಂಬೆಯಾಟದ ಪರದೆಯ ಹಿಂದೆ ನಿಂತು ಅಳೆದರೆ ಆ ಮಿತಿ ಎಲ್ಲಿಯ ಮಾತು!

ಇನ್ನೂ ಒಂದು ತೊಡಕಿದೆ. ಸವೆದು ಹರಿದ ಗೊಂಬೆಯನ್ನು ಹೊಳೆಗೆ ಬಿಡುವ ಪದ್ಧತಿ ಗೊಂಬೆಯಾಟದ ಮನೆತನಗಳಲ್ಲಿ ಇತ್ತು. ಅವರ ಪಾಲಿಗೆ ಗೊಂಬೆಗೆ ಆಯುಸ್ಸು ಇದೆ, ಅಂತ್ಯವೂ ಇದೆ. ನಾವು ಅದನ್ನು ಕಪಾಟಿನಲ್ಲಿ ಚಿರಂಜೀವಿ ಮಾಡುತ್ತೇವೆ. ರಸಾಯನಶಾಸ್ತ್ರ, ಕಲೆ, ಚರಿತ್ರೆ ಸೇರಿದರೆ ಸಾಲದು, ಗೊಂಬೆಯಾಡಿಸುವ ಗೊಂಬೆರಾಮರ ಮಾತೂ ಆ ಮೇಜಿನ ಮೇಲೆ ಇರಬೇಕು, ಅದೂ ಕಲಾತಂಡವಾಗಿ ಉದ್ಘಾಟನೆಗೆ ಕರೆಸುವ ಲೆಕ್ಕದಲ್ಲಿ ಅಲ್ಲ.

——

ಪ್ರತಿಕೃತಿ:

ತೊಗಲುತೆರೆ ಅವರೇ, ನಿಮ್ಮ ಬರಹ ನನ್ನ ಮಾತನ್ನು ಅರ್ಧ ಕೆಡವಿತು. ಗೊಂಬೆಯ ವಿಷಯದಲ್ಲಿ ಬೆಳಕು ಕೃತಿಯ ಒಳಗಿನದು, ಅದನ್ನು ಕೊಡದೆ ತೋರಿಸುವುದೇ ಅಪಚಾರ. ರಾತ್ಕೊ ಚಿತ್ರದ ವಿಷಯದಲ್ಲಿ ಬೆಳಕು ಹೊರಗಿನದು ಎಂಬ ನನ್ನ ತಕರಾರು ಉಳಿದಿದೆ. ಆದರೂ ಕಿಟಕಿಪಕ್ಕ ಅವರು ಹೇಳಿದ ಅಂಚಿನ ಕೆಂಪನ್ನು ಓದಿದ ಮೇಲೆ, ಆರಿಸುವ ಹೊತ್ತನ್ನು ಚಮತ್ಕಾರ ಎಂದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬೆಳಗ್ಗಿನಿಂದ ನಾಲ್ಕರವರೆಗೆ ಉರಿಯುವುದನ್ನು ಮಾತ್ರ ಇನ್ನೂ ಒಪ್ಪುವುದಿಲ್ಲ. ನನ್ನನ್ನು ಕೇಳಿದ್ದರೆ ಇಡೀ ದಿನ ಮಾಸಿದ ಚಿತ್ರವನ್ನೇ ಇಟ್ಟು, ಸಂಜೆ ಒಂದು ಗಂಟೆ ಮಾತ್ರ ಬೆಳಕು ಹಾಕುತ್ತಿದ್ದೆ.

——

ಕಿಟಕಿಪಕ್ಕ:

ಈ ಸೂಚನೆ ನನಗೆ ಬಹಳ ಹಿಡಿಸಿತು, ಏಕೆಂದರೆ ಅದು ತಾಂತ್ರಿಕವಾಗಿ ಒಂದೇ ಪ್ರದರ್ಶನ, ಆದರೆ ಹೇಳುವ ಮಾತು ಪೂರ್ತಿ ಬೇರೆ. ಮೊದಲನೆಯದರಲ್ಲಿ ನಷ್ಟ ಸಂಜೆಯ ಸುದ್ದಿ, ನಿಮ್ಮದರಲ್ಲಿ ನಷ್ಟವೇ ದಿನದ ಸ್ಥಿತಿ. ಯಾವ ಉಪಕರಣವೂ ಇವೆರಡರಲ್ಲಿ ಒಂದನ್ನು ಆರಿಸಿ ಕೊಡುವುದಿಲ್ಲ.

ಕಡತಕೋಣೆ ಮೇಡಂ, ಹೆಸರಿನ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ನನ್ನ ಮೊದಲ ಬರಹವನ್ನು ತಿರುಗಿ ಓದಿದೆ. ಕಲಾವಿದ, ವಾಸ್ತುಶಿಲ್ಪಿ, ಲ್ಯಾಬಿನ ಸಂಶೋಧನಾ ತಂಡದ ಮುಖ್ಯಸ್ಥ ಎಲ್ಲರ ಹೆಸರೂ ಇವೆ. ವರ್ಷಗಟ್ಟಲೆ ಆ ಲೆಕ್ಕದ ಹಿಂದೆ ಬಿದ್ದ ಸಂರಕ್ಷಣಾ ವಿಜ್ಞಾನಿ ಯೆನ್ಸ್ ಸ್ಟೆಂಗರ್, ಆ ಕೇಂದ್ರದ ನಾರಾಯಣ್ ಖಂಡೇಕರ್, ಪ್ರದರ್ಶನದ ಕ್ಯುರೇಟರ್ ಮೇರಿ ಶ್ನೈಡರ್ ಎನ್ರಿಕೆಸ್ ಈ ಮೂವರ ಹೆಸರೂ ನಾನು ಬರೆದಿರಲಿಲ್ಲ. ಕ್ಯುರೇಟರ್ ಕೆಲಸದ ಬಗ್ಗೆ ಇಷ್ಟುದ್ದ ಬರೆದು ಕ್ಯುರೇಟರ್ ಹೆಸರನ್ನೇ ಬಿಟ್ಟಿದ್ದೆ.

——

ತೊಗಲುತೆರೆ:

ಒಂದು ಸಣ್ಣ ವರದಿ. ನಿನ್ನೆ ನಮ್ಮ ವಿಭಾಗದಲ್ಲಿ, ಸಂಗ್ರಹದ್ದಲ್ಲ, ಕಲಿಕೆಗೆಂದು ಹೊಸದಾಗಿ ಮಾಡಿಸಿದ ಹನುಮಂತನ ಗೊಂಬೆಯೊಂದನ್ನು ತೆಗೆದುಕೊಂಡು ಪ್ರಯತ್ನಿಸಿದೆವು. ಹಿಂದೆ ಬಿಳಿ ಅಕ್ರಿಲಿಕ್ ಹಾಳೆ, ಅದರ ಹಿಂದೆ ಬಿಸಿಯಾಗದ ಎಲ್‌ಇಡಿ ಪಟ್ಟಿ, ನೋಡುವವರು ಒತ್ತಿದರೆ ಅರ್ಧ ನಿಮಿಷ ಮಾತ್ರ ಉರಿಯುವ ಗುಂಡಿ. ಮೊದಲ ಸಲ ಒತ್ತಿದಾಗ ಬಾಲದ ಹಸಿರು ಎದ್ದು ಬಂತು, ಆದರೆ ಎಲ್‌ಇಡಿಯ ಬಿಳಿ ಬೆಳಕಿನಲ್ಲಿ ಕೆಂಪು ಸತ್ತಂತೆ ಕಂಡಿತು. ಜೊತೆಗಿದ್ದ ಹಿರಿಯ ಗೊಂಬೆರಾಮರು ಸುಮ್ಮನೆ ನೋಡಿ, "ದೀಪ ಅಲ್ಲಾಡ್ಬೇಕಲ್ಲ, ಇದು ನಿಂತ್ಬಿಟ್ಟೈತೆ" ಎಂದರು. ಎಣ್ಣೆದೀಪದ ಹಳದಿಗೆ ಹೊಂದುವ ಪಟ್ಟಿ ತರಿಸಲು ಹೇಳಿದ್ದೇವೆ. ಬೆಳಕನ್ನು ತುಸು ಅಲುಗಿಸುವುದು ಹೇಗೆಂದು ಎಲೆಕ್ಟ್ರಾನಿಕ್ಸ್ ವಿಭಾಗದ ಹುಡುಗನೊಬ್ಬ ನೋಡುತ್ತಿದ್ದಾನೆ. ಅವನ ಹೆಸರನ್ನೂ, ಗೊಂಬೆರಾಮರ ಹೆಸರನ್ನೂ ಫಲಕದ ಕರಡಿನಲ್ಲಿ ಈಗಲೇ ಬರೆದಿಟ್ಟಿದ್ದೇನೆ.